ಸಣ್ಣ ತಂಡದ ವಿಡಿಯೊ ಗೇಮ್: ಕೋಡ್ ಬರೆಯುವ ಮೊದಲೇ ಹಾಕಬೇಕಾದ ಹಣದ ಲೆಕ್ಕ

ಗೇಮ್ ಮಾಡುವವರು ತೋರಿಸುವ ಬಜೆಟ್ ಹಾಳೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬೆಲೆ ಇಷ್ಟು, ಮಾರುವ ಪ್ರತಿ ಇಷ್ಟು, ಎರಡನ್ನೂ ಗುಣಿಸಿದರೆ ಆದಾಯ. ಕೆಳಗೆ ಖರ್ಚಿನ ಪಟ್ಟಿ. ಅದರಲ್ಲಿ ಅವರ ಸ್ವಂತ ಸಂಬಳದ ಸಾಲೇ ಇರುವುದಿಲ್ಲ. ಸಾಲದ್ದಕ್ಕೆ, ಈ ಹಾಳೆ ಹುಟ್ಟುವುದೇ ಗೇಮ್ ಮುಕ್ಕಾಲು ಪಾಲು ಮುಗಿದ ಮೇಲೆ. ಆಗ ಲೆಕ್ಕ ಏನು ಹೇಳಿದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬೇಡ ಅನ್ನುತ್ತಾರೆ. ಈ ಒಂದು ಕೆಲಸದಲ್ಲಿ ಮಾತ್ರ ಮೊದಲು ಹೊಲಿಯಲೇಬೇಕು, ಏಕೆಂದರೆ ಕೂಸು ಎಷ್ಟು ದೊಡ್ಡದಿರಬಹುದು ಎಂಬುದನ್ನು ಕುಲಾವಿಯೇ ಹೇಳುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಯ ಮೊತ್ತಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಸ್ಟೋರ್‌ಗಳ ಶುಲ್ಕ ಮತ್ತು ನಿಯಮಗಳು ನಿಜವಾದವು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಸ್ಟೋರ್ ಆದ ಸ್ಟೀಮ್ ಲೆಕ್ಕ ಕೊಡುವುದು ಡಾಲರ್‌ನಲ್ಲಾದ್ದರಿಂದ ಇಲ್ಲೂ ಡಾಲರ್ ಬಳಸಿದ್ದೇನೆ.

ಬೇಕಾದ ಸಾಮಾನು

ಒಂದು ಸ್ಪ್ರೆಡ್‌ಶೀಟ್. ದಿನಕ್ಕೆ ಯಾರು ಎಷ್ಟು ಗಂಟೆ ಯಾವ ಕೆಲಸ ಮಾಡಿದರು ಎಂದು ಬರೆಯುವ ಒಂದು ಪುಸ್ತಕ, ಅಥವಾ ಅಂಥದ್ದೇ ಆ್ಯಪ್. ಗೇಮ್‌ಗಳ ವಿಮರ್ಶೆಗಳ ಸಂಖ್ಯೆ ಮತ್ತು ಬೆಲೆಯ ಏರಿಳಿತ ನೋಡಲು ಸ್ಟೀಮ್‌ಡಿಬಿ ಎಂಬ ಜಾಲತಾಣ. ತಂಡದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇದ್ದರೆ, ಯಾರ ಪಾಲು ಎಷ್ಟು, ಮಧ್ಯದಲ್ಲಿ ಬಿಟ್ಟು ಹೋದವರಿಗೆ ಏನು ಸಿಗುತ್ತದೆ ಎಂದು ಬರೆದು ಸಹಿ ಹಾಕಿದ ಕಾಗದ. ಗೆಳೆಯರ ನಡುವೆ ಕಾಗದ ಏಕೆ ಎಂದು ಕೇಳಬೇಡಿ. ಕಾಗದ ಇಲ್ಲದ್ದರಿಂದಲೇ ಗೆಳೆತನ ಮುರಿದದ್ದನ್ನು ನೋಡಿದ್ದೇನೆ.

ಹಂತ 1: ಖರ್ಚನ್ನು ತಿಂಗಳುಗಳಲ್ಲಿ ಬರೆಯಿರಿ

ಸಣ್ಣ ಗೇಮ್‌ನ ಖರ್ಚಿನ ದೊಡ್ಡ ಪಾಲು ಜನರ ಸಮಯ. ಹಾಗಾಗಿ ಮೊದಲ ಸಾಲು: ಒಬ್ಬರು ಒಂದು ತಿಂಗಳು ಬದುಕಲು ಎಷ್ಟು ಬೇಕು? ಅದನ್ನು ಜನರ ಸಂಖ್ಯೆಯಿಂದಲೂ ತಿಂಗಳುಗಳಿಂದಲೂ ಗುಣಿಸಿ. ನಿಮ್ಮ ಅಂದಾಜು 10 ತಿಂಗಳಾಗಿದ್ದರೆ 15 ಎಂದು ಬರೆಯಿರಿ. ಇದು ನಿರಾಶಾವಾದವಲ್ಲ. ಮೆನು, ಸೇವ್ ವ್ಯವಸ್ಥೆ, ಕಂಟ್ರೋಲರ್ ಹೊಂದಾಣಿಕೆ, ಬಗ್ ತಿದ್ದುವುದು, ಟ್ರೇಲರ್, ಸ್ಟೋರ್ ಪುಟ ಇವನ್ನೆಲ್ಲ ಮೊದಲ ಅಂದಾಜಿನಲ್ಲಿ ಸೇರಿಸಿದವರನ್ನು ನಾನಿನ್ನೂ ನೋಡಿಲ್ಲ. ಬಿಡುಗಡೆಯ ನಂತರದ ಎರಡು ತಿಂಗಳ ದುರಸ್ತಿ ಕೆಲಸವೂ ಈ 15ರ ಒಳಗೇ ಬರಬೇಕು.

ನಮ್ಮ ಉದಾಹರಣೆ: ಇಬ್ಬರು, ತಲಾ ತಿಂಗಳಿಗೆ 1,500 ಡಾಲರ್, 15 ತಿಂಗಳು. ಒಟ್ಟು 45,000. ಸಂಗೀತ ಮತ್ತು ಸದ್ದಿಗೆ 4,000, ಅನುವಾದಕ್ಕೆ 4,000, ಸ್ಟೋರ್ ಚಿತ್ರಗಳು ಮತ್ತು ಟ್ರೇಲರ್‌ಗೆ 3,000, ವಕೀಲರು ಹಾಗೂ ಲೆಕ್ಕಪತ್ರಕ್ಕೆ 2,000, ಚಿಲ್ಲರೆ 2,000. ಎಲ್ಲ ಸೇರಿ 60,000 ಡಾಲರ್.

"ನಾವು ಸಂಬಳ ತೆಗೆದುಕೊಳ್ಳುವುದಿಲ್ಲವಲ್ಲ" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ತೆಗೆದುಕೊಳ್ಳದಿದ್ದರೂ ಬರೆಯಿರಿ. 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ವರ್ಷಗಳಲ್ಲಿ ಅವರು ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದರು, ಮನೆಯ ಖರ್ಚಿಗೆ ಸಂಗಾತಿಯ ದುಡಿಮೆ ಇತ್ತು ಎಂಬ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಟ್ಟಿ ಗೇಮ್ ಎಂಬುದು ಇಲ್ಲ. ಹೊರೆ ಯಾರ ಹೆಗಲ ಮೇಲಿದೆ ಎಂಬುದಷ್ಟೇ ಪ್ರಶ್ನೆ.

ಹಂತ 2: ಬೆಲೆಯಿಂದ ಕೈಗೆ ಬರುವ ಹಣದವರೆಗೆ ಇಳಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಸ್ಟೋರ್ ಪುಟದಲ್ಲಿ 15 ಡಾಲರ್ ಎಂದಿದ್ದರೆ ನಿಮಗೆ ಬರುವುದು 15 ಅಲ್ಲ, ಅದರ ಶೇ 70 ಕೂಡ ಅಲ್ಲ. ಒಂದೊಂದೇ ಮೆಟ್ಟಿಲು ಇಳಿಯೋಣ.

ಮೊದಲನೆಯದು ಸರಾಸರಿ ಮಾರಾಟ ಬೆಲೆ. ಗೇಮ್‌ನ ಆಯುಷ್ಯದಲ್ಲಿ ಬಹಳಷ್ಟು ಪ್ರತಿಗಳು ಹೋಗುವುದು ರಿಯಾಯಿತಿಯಲ್ಲಿ. ಜೊತೆಗೆ, ಕೊಳ್ಳುವ ಶಕ್ತಿ ಕಡಿಮೆ ಇರುವ ದೇಶಗಳಲ್ಲಿ ಬೆಲೆಯೂ ಕಡಿಮೆ ಇಟ್ಟಿರುತ್ತೀರಿ. ಎರಡೂ ಸೇರಿ 15 ಡಾಲರ್‌ನ ಗೇಮ್‌ಗೆ ಸರಾಸರಿ 9 ಡಾಲರ್ ಎಂದು ಇಟ್ಟುಕೊಳ್ಳಿ.

ಎರಡನೆಯದು ರಿಫಂಡ್. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಶೇ 10 ತೆಗೆದಿಡಿ: ಉಳಿದದ್ದು 8.10. ನಿಮ್ಮ ಗೇಮ್ ಮುಗಿಯುವುದೇ ಒಂದೂವರೆ ಗಂಟೆಯಲ್ಲಾದರೆ ಈ ಸಾಲನ್ನು ಇನ್ನಷ್ಟು ಭಾರ ಮಾಡಿ.

ಮೂರನೆಯದು ಮಾರಾಟ ತೆರಿಗೆ. ಯುರೋಪಿನಂಥ ಕಡೆ ಪರದೆಯ ಮೇಲೆ ಕಾಣುವ ಬೆಲೆಯೊಳಗೇ ವ್ಯಾಟ್ ಅಡಗಿರುತ್ತದೆ. ಅದನ್ನು ಕಳೆದ ಮೇಲೆಯೇ ಸ್ಟೋರ್ ನಿಮ್ಮ ಪಾಲು ಎಣಿಸುವುದು. ಎಲ್ಲ ದೇಶಗಳ ಸರಾಸರಿಯಾಗಿ ಶೇ 10 ಹಿಡಿದರೆ 7.29.

ನಾಲ್ಕನೆಯದು ಸ್ಟೋರ್‌ನ ಪಾಲು. ಸ್ಟೀಮ್ ಶೇ 30 ತೆಗೆದುಕೊಳ್ಳುತ್ತದೆ. ಆದಾಯ 1 ಕೋಟಿ ಡಾಲರ್ ದಾಟಿದ ಮೇಲಿನ ಹಣಕ್ಕೆ ಶೇ 25, 5 ಕೋಟಿ ದಾಟಿದ ಮೇಲೆ ಶೇ 20. ಸಣ್ಣ ತಂಡ ಈ ಎರಡು ಸಾಲನ್ನು ಮರೆಯಬಹುದು. ಎಪಿಕ್ ಸ್ಟೋರ್‌ನ ಪಾಲು ಶೇ 12, ಅದೂ 2025ರ ಜೂನ್‌ನಿಂದ ಪ್ರತಿ ಗೇಮ್‌ನ ವರ್ಷದ ಮೊದಲ 10 ಲಕ್ಷ ಡಾಲರ್‌ಗೆ ಶೂನ್ಯ. ಇಚ್.ಐಒದಲ್ಲಿ ಪಾಲನ್ನು ನೀವೇ ನಿಗದಿ ಮಾಡಬಹುದು. ಮೊಬೈಲ್‌ನಲ್ಲಿ ಆ್ಯಪಲ್‌ನ ಸಣ್ಣ ಉದ್ಯಮ ಯೋಜನೆಗೆ ಸೇರಿದವರಿಗೆ, ಗೂಗಲ್ ಪ್ಲೇಯಲ್ಲಿ ವರ್ಷದ ಮೊದಲ 10 ಲಕ್ಷ ಡಾಲರ್‌ಗೆ, ಶೇ 15ರ ದರ 2021ರಲ್ಲಿ ಜಾರಿಗೆ ಬಂತು. ಆದರೆ ಕಡಿಮೆ ಪಾಲು ಕೇಳುವ ಅಂಗಡಿಯಲ್ಲಿ ಗಿರಾಕಿ ಇಲ್ಲದಿದ್ದರೆ ಸೊನ್ನೆಯ ಶೇ 88 ಸೊನ್ನೆಯೇ. ನಮ್ಮ ಲೆಕ್ಕಕ್ಕೆ ಶೇ 30 ಹಿಡಿಯೋಣ: 5.10.

ಕೊನೆಗೆ ಬ್ಯಾಂಕ್ ಮತ್ತು ವಿನಿಮಯದ ಸವಕಳಿ. 5 ಡಾಲರ್ ಎಂದು ಮುಗಿಸಿ. ಅಮೆರಿಕದ ಹೊರಗಿನವರಾದರೆ ಅಲ್ಲಿನ ಗ್ರಾಹಕರಿಂದ ಬರುವ ಹಣದ ಮೇಲೆ ಶೇ 30ರವರೆಗೆ ತೆರಿಗೆ ಹಿಡಿಯಬಹುದು. ನಿಮ್ಮ ದೇಶಕ್ಕೂ ಅಮೆರಿಕಕ್ಕೂ ತೆರಿಗೆ ಒಪ್ಪಂದವಿದ್ದರೆ ಇದು ಇಳಿಯುತ್ತದೆ, ಆದರೆ ತೆರಿಗೆ ಅರ್ಜಿಯಲ್ಲಿ ಆ ಒಪ್ಪಂದವನ್ನು ಸರಿಯಾಗಿ ನಮೂದಿಸಿದರೆ ಮಾತ್ರ. ಇದನ್ನು ಬಿಡುಗಡೆಗೆ ತಿಂಗಳುಗಳ ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಕೂತು ಮುಗಿಸಿ.

ಎಂಜಿನ್‌ನ, ಅಂದರೆ ಗೇಮ್ ಕಟ್ಟಲು ಬಳಸುವ ಸಿದ್ಧ ತಂತ್ರಾಂಶದ, ಪಾಲನ್ನೂ ನೋಡಿ. ಅನ್‌ರಿಯಲ್‌ನಲ್ಲಿ ಒಂದು ಗೇಮ್‌ನ ಒಟ್ಟು ಆದಾಯ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ 5 ರಾಯಲ್ಟಿ. ಗೊಡೊ ಮುಕ್ತ ಪರವಾನಗಿಯದು, ಏನೂ ಕೊಡಬೇಕಿಲ್ಲ. ಯೂನಿಟಿ 2023ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ವಿಧಿಸುವುದಾಗಿ ಹೇಳಿ, ಗದ್ದಲವೆದ್ದು, ಒಂದು ವರ್ಷದ ನಂತರ ಅದನ್ನು ಕೈಬಿಟ್ಟಿತು. ಹಾಗಾಗಿ ಗೇಮ್ ಶುರು ಮಾಡಿದ ದಿನದ ಪರವಾನಗಿ ಪಠ್ಯದ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಹಂತ 3: ಎಷ್ಟು ಪ್ರತಿ ಎಂದು ಕೇಳಿ, ಆಮೇಲೆ ನೆರೆಹೊರೆ ನೋಡಿ

60,000ವನ್ನು 5ರಿಂದ ಭಾಗಿಸಿದರೆ 12,000 ಪ್ರತಿ. 15ರಿಂದ ಭಾಗಿಸಿದವರು 4,000 ಸಾಕೆಂದು ನಂಬಿಕೊಂಡು ಎರಡು ವರ್ಷ ಕೆಲಸ ಮಾಡಿರುತ್ತಾರೆ. ಮೂರು ಪಟ್ಟು ವ್ಯತ್ಯಾಸ. ಅದೂ ಅಸಲು ಹುಟ್ಟಲು ಮಾತ್ರ, ಲಾಭಕ್ಕಲ್ಲ.

ಈಗ ನಿಮ್ಮ ಗೇಮ್‌ನಂಥವೇ 20 ಗೇಮ್‌ಗಳನ್ನು ಸ್ಟೀಮ್‌ನಲ್ಲಿ ಹುಡುಕಿ: ಅದೇ ಪ್ರಕಾರ, ಹತ್ತಿರದ ಬೆಲೆ, ಕಳೆದ ಎರಡು ಮೂರು ವರ್ಷಗಳಲ್ಲಿ ಬಂದವು, ತಂಡ ನಿಮ್ಮಷ್ಟೇ ಸಣ್ಣದು. ಮಾರಾಟದ ಸಂಖ್ಯೆ ಬಹಿರಂಗವಾಗಿ ಸಿಗದ ಕಾರಣ, ವಿಮರ್ಶೆಗಳ ಸಂಖ್ಯೆಯನ್ನು 30ರಿಂದ 50ರವರೆಗಿನ ಅಂಕಿಯಿಂದ ಗುಣಿಸಿ ಅಂದಾಜು ಮಾಡುವುದು ಈ ಕ್ಷೇತ್ರದ ರೂಢಿ. ಒರಟು ಲೆಕ್ಕವೇ, ಆದರೆ ಕತ್ತಲಲ್ಲಿ ತಡಕುವುದಕ್ಕಿಂತ ವಾಸಿ. ಹಾಗೆ ನೋಡಿದರೆ 12,000 ಪ್ರತಿ ಎಂದರೆ ಸುಮಾರು 240ರಿಂದ 400 ವಿಮರ್ಶೆಗಳು.

ಆ 20ರಲ್ಲಿ ಎಷ್ಟು ಗೇಮ್‌ಗಳು ಆ ಗೆರೆ ದಾಟಿವೆ? ಸರಾಸರಿ ತೆಗೆಯಬೇಡಿ, ಒಂದು ದೊಡ್ಡ ಹಿಟ್ ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ. ಸಾಲಾಗಿ ಜೋಡಿಸಿ ನಟ್ಟನಡುವಿನ ಗೇಮ್ ನೋಡಿ. ನಡುವಿನದಕ್ಕೆ 40 ವಿಮರ್ಶೆ ಇದ್ದರೆ, ನಿಮ್ಮ ಬಜೆಟ್ ನಿಮ್ಮ ಪ್ರಕಾರಕ್ಕೆ ಹೆಚ್ಚಾಯಿತು ಎಂದರ್ಥ.

ಎಚ್ಚರಿಕೆಯ ಸೂಚನೆ: ಪಟ್ಟಿ ಮಾಡುವಾಗ ನಿಮಗೆ ಹೆಸರು ಗೊತ್ತಿರುವ ಗೇಮ್‌ಗಳೇ ನೆನಪಾಗುತ್ತಿದ್ದರೆ ಪಟ್ಟಿ ಕೆಟ್ಟಿತು. ಹೆಸರು ಗೊತ್ತಾಗುವಷ್ಟು ಮಾರಿದವು ಅವು. ಟ್ಯಾಗ್ ಹಾಕಿ, ಬಿಡುಗಡೆಯ ದಿನಾಂಕದ ಕ್ರಮದಲ್ಲಿ ಇಳಿದು, ಯಾರೂ ಕೇಳಿರದ ಗೇಮ್‌ಗಳನ್ನೂ ಸೇರಿಸಿ.

ಹಂತ 4: ಗೇಮ್ ಕತ್ತರಿಸಿ, ಬೆಲೆಯನ್ನಲ್ಲ

12,000 ಅಸಾಧ್ಯ ಎನಿಸಿದಾಗ ಎಲ್ಲರ ಕೈ ಹೋಗುವುದು ಬೆಲೆಯ ಕಡೆಗೆ: "10 ಡಾಲರ್ ಇಟ್ಟರೆ ಜಾಸ್ತಿ ಹೋಗುತ್ತದೆ." ಹೋಗಬಹುದು, ಹೋಗದಿರಬಹುದು. ಆದರೆ ಅಸಲು ಹುಟ್ಟಲು ಬೇಕಾದ ಪ್ರತಿಗಳು ಮಾತ್ರ ಆ ಕ್ಷಣವೇ 18,000ಕ್ಕೆ ಏರುತ್ತವೆ. ನಿಮ್ಮ ಹಿಡಿತದಲ್ಲಿರುವುದು ಖರ್ಚು.

ಪ್ರತಿ ಅಂಶವನ್ನೂ ಪ್ರತಿಗಳ ಲೆಕ್ಕದಲ್ಲಿ ಅಳೆಯಿರಿ. ಹೊಸ ಲೆವೆಲ್ ಒಂದಕ್ಕೆ ಒಬ್ಬರ ಎರಡು ವಾರ ಬೇಕೆಂದರೆ ಅದು 750 ಡಾಲರ್, ಅಂದರೆ 150 ಪ್ರತಿ. ಈ ಲೆವೆಲ್ ಇದೆ ಎಂಬ ಕಾರಣಕ್ಕೇ ಇನ್ನೂ 150 ಜನ ಕೊಳ್ಳುತ್ತಾರೆಯೇ? ಈ ಪ್ರಶ್ನೆಯ ಮುಂದೆ ಅರ್ಧ ಪಟ್ಟಿ ತಾನಾಗಿಯೇ ಉದುರುತ್ತದೆ. ಆನ್‌ಲೈನ್ ಮಲ್ಟಿಪ್ಲೇಯರ್ ಮೊದಲು ಉದುರಬೇಕು: ಸರ್ವರ್ ಬಾಡಿಗೆ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ, ಆಡುವವರು ಒಟ್ಟಿಗೆ ಸಾಕಷ್ಟು ಜನ ಇಲ್ಲದಿದ್ದರೆ ಖಾಲಿ ಲಾಬಿ ನೋಡಿ ಕೆಟ್ಟ ವಿಮರ್ಶೆ ಬರೆಯುತ್ತಾರೆ.

ಮೊದಲ ಆರು ವಾರಗಳಲ್ಲಿ ಆಡಬಹುದಾದ ಒಂದು ಒರಟು ಮಾದರಿ ಮಾಡಿ ಅಪರಿಚಿತರ ಕೈಗೆ ಕೊಡಿ. ಇಬ್ಬರ ಆರು ವಾರ ಎಂದರೆ ಸುಮಾರು 4,500 ಡಾಲರ್. "ಚೆನ್ನಾಗಿದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಕೇಳದೆಯೇ ಎರಡನೆಯ ಸಲ ಆಡಿದರೇ ಎಂದು ನೋಡಿ. ಆಡದಿದ್ದರೆ 4,500ಕ್ಕೆ ಪಾಠ ಕಲಿತಿರಿ. ಮುಂದುವರಿದಿದ್ದರೆ ಅದೇ ಪಾಠಕ್ಕೆ 60,000 ಆಗುತ್ತಿತ್ತು.

ಹಂತ 5: ಹಣ ಬರುವ ದಿನಾಂಕ ಬರೆಯಿರಿ

ಲಾಭದಲ್ಲಿರುವ ತಂಡವೂ ಕೈಯಲ್ಲಿ ಕಾಸಿಲ್ಲದೆ ಮುಚ್ಚುತ್ತದೆ. ಸ್ಟೀಮ್ ಒಂದು ತಿಂಗಳ ಮಾರಾಟದ ಹಣವನ್ನು ಮುಂದಿನ ತಿಂಗಳ ಕೊನೆಗೆ ಕೊಡುತ್ತದೆ. ಮಾರ್ಚ್ ಮೊದಲ ವಾರ ಗೇಮ್ ಬಂದರೆ ಹಣ ಏಪ್ರಿಲ್ ಕೊನೆಗೆ. ನಡುವೆ ಪಬ್ಲಿಷರ್ (ಗೇಮ್ ಅನ್ನು ಮಾರುಕಟ್ಟೆಗೆ ತಂದು ಪಾಲು ಪಡೆಯುವ ಸಂಸ್ಥೆ) ಇದ್ದು ಮೂರು ತಿಂಗಳಿಗೊಮ್ಮೆ ಲೆಕ್ಕ, ಲೆಕ್ಕದ ನಂತರ 45 ದಿನಕ್ಕೆ ಪಾವತಿ ಎಂದಿದ್ದರೆ, ಏಪ್ರಿಲ್ ಮೊದಲ ವಾರ ಬಂದ ಗೇಮ್‌ನ ಮೊದಲ ಹಣ ಕೈಗೆ ಬರುವುದು ಆಗಸ್ಟ್ ನಡುವಿಗೆ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ತಿಂಗಳಿಗೆ ಒಂದು ಕಂಬ: ಆರಂಭದ ಹಣ, ಬಂದದ್ದು, ಹೋದದ್ದು, ಉಳಿದದ್ದು. ಉಳಿದದ್ದು ಯಾವ ತಿಂಗಳು ಸೊನ್ನೆ ಮುಟ್ಟುತ್ತದೋ ಆ ತಿಂಗಳಿಗೆ ಕೆಂಪು ಬಣ್ಣ ಹಚ್ಚಿ. ಬಿಡುಗಡೆಯ ದಿನಕ್ಕೂ ಆ ಕೆಂಪು ಕಂಬಕ್ಕೂ ನಡುವೆ ನಾಲ್ಕು ತಿಂಗಳಾದರೂ ಇರಲಿ. ಇಲ್ಲದಿದ್ದರೆ ಗೇಮ್ ಸಿದ್ಧವಾದಾಗ ಅಲ್ಲ, ಕಾಸು ಮುಗಿದಾಗ ಬಿಡುಗಡೆ ಮಾಡುತ್ತೀರಿ. ಬಗ್‌ಗಳ ನಡುವೆ ಬಂದ ಗೇಮ್‌ನ ಮೊದಲ ವಾರದ ವಿಮರ್ಶೆ ಆಮೇಲೆ ಎಷ್ಟು ತಿದ್ದಿದರೂ ಅಲ್ಲೇ ಕೂತಿರುತ್ತದೆ.

ಹಂತ 6: ಸ್ಟೋರ್ ಪುಟವನ್ನು ಬೇಗ ತೆರೆಯಿರಿ

ಸ್ಟೀಮ್‌ನಲ್ಲಿ ಪ್ರತಿ ಗೇಮ್‌ಗೆ 100 ಡಾಲರ್ ಶುಲ್ಕ. ಗೇಮ್ 1,000 ಡಾಲರ್ ಗಳಿಸಿದ ಮೇಲೆ ಅದು ವಾಪಸ್ ಬರುತ್ತದೆ. ಶುಲ್ಕ ಕಟ್ಟಿದ ಮೇಲೆ ಬಿಡುಗಡೆಗೆ ಕನಿಷ್ಠ 30 ದಿನ ಕಾಯಬೇಕು, "ಶೀಘ್ರದಲ್ಲಿ" ಪುಟ ಕನಿಷ್ಠ ಎರಡು ವಾರ ಸಾರ್ವಜನಿಕವಾಗಿರಬೇಕು. ಇವು ನಿಯಮದ ಕನಿಷ್ಠಗಳು, ನಿಮ್ಮ ಯೋಜನೆಯಲ್ಲ. ನೋಡಲು ಚೆನ್ನಾಗಿರುವ ಐದು ಚಿತ್ರ ಮತ್ತು ಒಂದು ನಿಮಿಷದ ಟ್ರೇಲರ್ ಕೈಯಲ್ಲಿದ್ದ ದಿನವೇ ಪುಟ ತೆರೆಯಿರಿ. ಬಿಡುಗಡೆಗೆ ಆರೆಂಟು ತಿಂಗಳು ಇದ್ದರೂ ಸರಿ.

ಕಾರಣ ವಿಶ್‌ಲಿಸ್ಟ್, ಅಂದರೆ ಆಮೇಲೆ ಕೊಳ್ಳಲೆಂದು ಆಟಗಾರರು ಗುರುತು ಹಾಕಿಡುವ ಪಟ್ಟಿ. ಬಿಡುಗಡೆಯ ದಿನ ಅದರಲ್ಲಿರುವವರಿಗೆಲ್ಲ ಸ್ಟೀಮ್ ಮಿಂಚಂಚೆ ಕಳಿಸುತ್ತದೆ, ನಿಮ್ಮ ಮೊದಲ ದಿನದ ಮಾರಾಟ ಅಲ್ಲಿಂದ ಬರುತ್ತದೆ. ವಾರಕ್ಕೊಮ್ಮೆ ವಿಶ್‌ಲಿಸ್ಟ್ ಸಂಖ್ಯೆಯನ್ನೂ, ಆ ವಾರ ನೀವು ಏನು ಮಾಡಿದಿರಿ ಎಂಬುದನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಮೂರು ತಿಂಗಳಲ್ಲಿ ಯಾವ ಕೆಲಸ ದಂಡ, ಯಾವುದು ಫಲ ಕೊಟ್ಟಿತು ಎಂದು ಹಾಳೆಯೇ ಹೇಳುತ್ತದೆ.

ಡೆಮೊ ಇದ್ದರೆ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ಗೆ, ಅಂದರೆ ಬರಲಿರುವ ಗೇಮ್‌ಗಳ ಡೆಮೊ ಆಡಿಸುವ ಸ್ಟೀಮ್‌ನ ಆನ್‌ಲೈನ್ ಮೇಳಕ್ಕೆ, ಹೋಗಿ. ಒಂದು ಗೇಮ್‌ಗೆ ಅವಕಾಶ ಒಂದೇ ಸಲ, ಹಾಗಾಗಿ ಬಿಡುಗಡೆಗೆ ತೀರ ಹತ್ತಿರವಿರುವ ಫೆಸ್ಟ್ ಆರಿಸಿ. ವರ್ಷ ಮೊದಲೇ ಅರೆಬೆಂದ ಡೆಮೊ ಹಾಕಿ ಆ ಅವಕಾಶ ಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ.

ಎಚ್ಚರಿಕೆಯ ಸೂಚನೆ: ಪುಟ ತೆರೆದು ಮೂರು ತಿಂಗಳಾದರೂ, ಹೊರಗೆ ಹೇಳಿಕೊಂಡರೂ, ವಿಶ್‌ಲಿಸ್ಟ್ ಕೆಲವು ನೂರರಲ್ಲೇ ನಿಂತಿದ್ದರೆ ತೊಂದರೆ ಪ್ರಚಾರದ್ದಲ್ಲ. ಚಿತ್ರ ನೋಡಿದವರಿಗೆ ಗೇಮ್ ಬೇಡವಾಗಿದೆ. ಜಾಹೀರಾತಿಗೆ ಹಣ ಸುರಿಯುವ ಮೊದಲು ಹಂತ 4ಕ್ಕೆ ವಾಪಸ್ ಹೋಗಿ.

ಹಂತ 7: ಪಬ್ಲಿಷರ್ ಒಪ್ಪಂದವನ್ನು ಅಂಕಿ ಹಾಕಿ ಓದಿ

ಪಬ್ಲಿಷರ್ ಬೇಕೇ ಬೇಡವೇ ಎಂಬುದು ಮರ್ಯಾದೆಯ ಪ್ರಶ್ನೆಯಲ್ಲ. ನಿಮಗಿಲ್ಲದ ಮೂರರಲ್ಲಿ ಒಂದಾದರೂ ಅವರಲ್ಲಿರಬೇಕು: ಹಣ, ಕನ್ಸೋಲ್‌ಗೆ ಹಾಕಿಕೊಡುವ ಕೈ, ಅಥವಾ ಗಿರಾಕಿಗಳಿಗೆ ದಾರಿ. "ಪ್ರಚಾರ ಮಾಡುತ್ತೇವೆ" ಎಂಬುದು ಒಪ್ಪಂದದಲ್ಲಿ ಮೊತ್ತದ ಸಮೇತ ಬರೆದಿಲ್ಲವಾದರೆ ಅದು ಸೌಜನ್ಯದ ಮಾತು ಅಷ್ಟೇ.

ಎಲ್ಲರೂ ಪಾಲಿನ ಶೇಕಡಾವಾರಿನ ಮೇಲೆ ಜಗ್ಗಾಡುತ್ತಾರೆ. ಜಗ್ಗಬೇಕಾದದ್ದು ಮುಂಗಡ ವಸೂಲಿಯ ವಾಕ್ಯದ ಮೇಲೆ. ಉದಾಹರಣೆಗೆ, ಪಬ್ಲಿಷರ್ ನಿಮಗೆ 60,000 ಮುಂಗಡ ಕೊಟ್ಟರು, ಪ್ರಚಾರ ಮತ್ತು ಪೋರ್ಟಿಂಗ್‌ಗೆ (ಗೇಮ್ ಅನ್ನು ಕನ್ಸೋಲ್‌ಗೆ ಹೊಂದಿಸುವುದಕ್ಕೆ) 20,000 ಹಾಕಿದರು. ವಸೂಲಾಗಬೇಕಾದದ್ದು 80,000. ಪಾಲು ಸಮಸಮ. 24,000 ಪ್ರತಿ ಹೋಗಿ ಸ್ಟೋರ್‌ನಿಂದ 1,20,000 ಡಾಲರ್ ಬಂತು.

ಒಪ್ಪಂದದಲ್ಲಿ "ಬಂದ ಒಟ್ಟು ಹಣದಿಂದ ಮೊದಲು ವಸೂಲಿ, ಉಳಿದದ್ದು ಹಂಚಿಕೆ" ಎಂದಿದ್ದರೆ: 80,000 ಕಳೆದು 40,000 ಉಳಿಯಿತು, ನಿಮಗೆ 20,000.

"ಡೆವಲಪರ್‌ನ ಪಾಲಿನಿಂದ ವಸೂಲಿ" ಎಂದಿದ್ದರೆ: ನಿಮ್ಮ ಅರ್ಧ 60,000, ಅದಷ್ಟೂ ವಸೂಲಿಗೆ ಹೋಯಿತು, ಇನ್ನೂ 20,000 ಬಾಕಿ. ನಿಮಗೆ ಸೊನ್ನೆ. ಅವರಿಗೆ ಹಾಕಿದ್ದೂ ಬಂತು, ಮೇಲೆ 40,000 ಲಾಭವೂ ಬಂತು. ಪ್ರತಿಗಳಲ್ಲಿ ಹೇಳುವುದಾದರೆ, ಮೊದಲ ರೀತಿಯಲ್ಲಿ 16,000 ಪ್ರತಿಯ ನಂತರ ನಿಮ್ಮ ಹಣ ಶುರು, ಎರಡನೆಯದರಲ್ಲಿ 32,000ದ ನಂತರ. ಎರಡೂ ಒಪ್ಪಂದಗಳ ಮೊದಲ ಪುಟದಲ್ಲಿ "ಶೇ 50" ಎಂದೇ ಇರುತ್ತದೆ.

ಪರಿಚಯದ ತಂಡವೊಂದು ಸಹಿ ಹಾಕಿದ ಮೇಲೆ ನನಗೆ ಒಪ್ಪಂದ ತೋರಿಸಿತು. ವಸೂಲಿಗೆ ಸೇರುವ ಖರ್ಚಿಗೆ ಮೇಲ್ಮಿತಿಯೇ ಇರಲಿಲ್ಲ. ಮೇಳಗಳ ಮಳಿಗೆ, ವಿಮಾನದ ಟಿಕೆಟ್, ಎಲ್ಲವೂ ಆ ತಂಡದ ಲೆಕ್ಕಕ್ಕೆ ಬಿದ್ದು, ಬಾಕಿ ಇಳಿಯುವ ಬದಲು ಏರುತ್ತ ಹೋಯಿತು. ಸಹಿಗೆ ಮೊದಲು ತೋರಿಸಿದ್ದರೆ ಒಂದು ವಾಕ್ಯ ಸೇರಿಸುವುದರಲ್ಲಿ ಮುಗಿಯುತ್ತಿತ್ತು.

ವಸೂಲಿಯ ನಂತರ ನೋಡಬೇಕಾದವು ಇವು. ಖರ್ಚಿನ ಮೇಲ್ಮಿತಿ, ಅದಕ್ಕಿಂತ ಹೆಚ್ಚಿಗೆ ನಿಮ್ಮ ಲಿಖಿತ ಒಪ್ಪಿಗೆ. ಅವರ ಲೆಕ್ಕಪುಸ್ತಕ ಪರಿಶೀಲಿಸುವ ಹಕ್ಕು. ಮೈಲಿಗಲ್ಲು (ಒಂದು ಕಂತಿಗೆ ಮುಗಿಸಿ ಕೊಡಬೇಕಾದ ಕೆಲಸ) ಒಪ್ಪಿಸಿದ ಇಷ್ಟು ದಿನದೊಳಗೆ ಉತ್ತರ ಬರದಿದ್ದರೆ ಅದು ಸ್ವೀಕೃತ ಎಂಬ ಸಾಲು; ಇದಿಲ್ಲದೆ ಕಂತು ತಿಂಗಳುಗಟ್ಟಲೆ ತೂಗಾಡುತ್ತದೆ. ಗೇಮ್‌ನ ಮಾಲೀಕತ್ವ ನಿಮ್ಮಲ್ಲೇ ಇರುವುದು. ಅವರು ಬಿಡುಗಡೆ ಮಾಡದಿದ್ದರೆ ಅಥವಾ ಬಾಗಿಲು ಹಾಕಿದರೆ ಹಕ್ಕುಗಳು ವಾಪಸ್ ಬರುವುದು. ಮುಂದಿನ ಗೇಮ್ ಮೇಲೆ ಅವರಿಗೆ ಮೊದಲ ಹಕ್ಕು ಎಂದಿದ್ದರೆ ಅದಕ್ಕೆ ಗಡುವು ಹಾಕಿಸಿ.

ಎಚ್ಚರಿಕೆಯ ಸೂಚನೆಗಳು ಎರಡೇ ಸಾಕು: ವಕೀಲರಿಗೆ ತೋರಿಸಲು ಸಮಯ ಕೊಡದೆ ಅವಸರ ಮಾಡುವುದು, ಮತ್ತು ಅವರ ಹಳೆಯ ಡೆವಲಪರ್‌ಗಳ ಜೊತೆ ಮಾತಾಡುತ್ತೇನೆ ಎಂದಾಗ ಮುಖ ಸಣ್ಣಗಾಗುವುದು.

ಹಂತ 8: ಉಚಿತ ಗೇಮ್ ಎಂದರೆ ಬೇರೆಯೇ ವ್ಯಾಪಾರ

"ಉಚಿತ ಕೊಟ್ಟು ಒಳಗೆ ಮಾರೋಣ" ಎನ್ನುವವರು ಈ ಹಂತ ಓದಿ. 1 ಲಕ್ಷ ಜನ ಇಳಿಸಿಕೊಂಡರು, ಶೇ 2 ಜನ ಸರಾಸರಿ 5 ಡಾಲರ್ ಕೊಟ್ಟರು ಎಂದರೆ 10,000 ಡಾಲರ್, ಅದರಲ್ಲೂ ಸ್ಟೋರ್‌ನ ಪಾಲು ಹೋಗಬೇಕು. ಆ 1 ಲಕ್ಷ ಜನರನ್ನು ತಲಾ 1 ಡಾಲರ್ ಜಾಹೀರಾತು ಕೊಟ್ಟು ತಂದಿದ್ದರೆ 90,000ಕ್ಕೂ ಹೆಚ್ಚು ನಷ್ಟ. ಒಬ್ಬ ಆಟಗಾರನಿಂದ ಅವನ ಇಡೀ ಆಯುಷ್ಯದಲ್ಲಿ ಬರುವ ಹಣ, ಅವನನ್ನು ಕರೆತರುವ ಖರ್ಚಿಗಿಂತ ಹೆಚ್ಚಿರಬೇಕು. ಇದು ಸಾಬೀತಾಗುವವರೆಗೆ ಜಾಹೀರಾತಿಗೆ ದೊಡ್ಡ ಮೊತ್ತ ಹಾಕಬೇಡಿ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಐಫೋನ್‌ನಲ್ಲಿ ಜಾಡು ಹಿಡಿಯಲು ಬಳಕೆದಾರರ ಅನುಮತಿ ಕಡ್ಡಾಯ ಮಾಡಿದ ಮೇಲೆ, ಹಣ ಕೊಡುವ ಆಟಗಾರರನ್ನು ಗುರಿಯಿಟ್ಟು ಹುಡುಕುವುದು ಇನ್ನೂ ಕಷ್ಟವಾಗಿದೆ. ಮೊದಲ ಗೇಮ್‌ಗೆ, ಇಬ್ಬರ ತಂಡಕ್ಕೆ, ನನ್ನ ಸಲಹೆ ಒಂದೇ: ಬೇಡ.

ಹಂತ 9: ಬಿಡುಗಡೆಯ ನಂತರದ ಕ್ಯಾಲೆಂಡರ್

ಮೊದಲ 10 ವಿಮರ್ಶೆ ಬಂದಾಗ ಸ್ಟೀಮ್ ಗೇಮ್‌ಗೆ ಅಂಕ ತೋರಿಸಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಇಬ್ಬರೂ ಬೇರೆ ಕೆಲಸ ಇಟ್ಟುಕೊಳ್ಳದೆ ಬಗ್ ತಿದ್ದಿ, ದೂರುಗಳಿಗೆ ಉತ್ತರಿಸಿ. ಗೆಳೆಯರಿಂದ ಸುಳ್ಳು ವಿಮರ್ಶೆ ಬರೆಸಬೇಡಿ, ಅದು ನಿಯಮಭಂಗ.

ರಿಯಾಯಿತಿಯನ್ನು ಮೊದಲೇ ಬರೆದಿಡಿ. ಸ್ಟೀಮ್‌ನಲ್ಲಿ ಎರಡು ರಿಯಾಯಿತಿಗಳ ನಡುವೆ ಸಾಮಾನ್ಯವಾಗಿ 30 ದಿನದ ಅಂತರ ಬೇಕು, ಮತ್ತು ಶೇ 20 ಅಥವಾ ಹೆಚ್ಚು ಇಳಿಸಿದಾಗ ವಿಶ್‌ಲಿಸ್ಟ್‌ನವರಿಗೆ ಮಿಂಚಂಚೆ ಹೋಗುತ್ತದೆ. ಹಾಗಾಗಿ ಶೇ 15ರ ರಿಯಾಯಿತಿ ಕೊಟ್ಟರೆ ಹಣವೂ ಹೋಯಿತು, ಮಿಂಚಂಚೆಯೂ ಹೋಗಲಿಲ್ಲ. ಮೊದಲ ವರ್ಷ ಶೇ 20, 25, 33 ಎಂದು ಮೆಟ್ಟಿಲಾಗಿ ಇಳಿಯಿರಿ. ಮೂರನೇ ತಿಂಗಳಲ್ಲೇ ಅರ್ಧ ಬೆಲೆಗೆ ಕೊಟ್ಟರೆ, ಕಾಯುತ್ತಿರುವವರು ಆಮೇಲೆ ಅರ್ಧಕ್ಕಿಂತ ಮೇಲೆ ಕೊಡುವುದೇ ಇಲ್ಲ.

ಮೂರನೇ ತಿಂಗಳ ಕೊನೆಗೆ ಹಂತ 2ರ ಹಾಳೆ ತೆಗೆದು 9, 8.10, 7.29, 5.10 ಇದ್ದ ಜಾಗದಲ್ಲಿ ನಿಮ್ಮ ನಿಜವಾದ ಅಂಕಿಗಳನ್ನು ತುಂಬಿ. ಹೊಸ ಕಂಟೆಂಟ್, ಕನ್ಸೋಲ್ ಪೋರ್ಟ್, ಇನ್ನೊಂದು ಭಾಷೆಗೆ ಅನುವಾದ, ಎಲ್ಲದಕ್ಕೂ ಅದೇ ಪ್ರಶ್ನೆ: ಇದರ ಖರ್ಚು ಎಷ್ಟು ಪ್ರತಿ? ಅಷ್ಟು ಬರುವ ಲಕ್ಷಣ ಆ ಹಾಳೆಯಲ್ಲಿ ಕಾಣದಿದ್ದರೆ, ಉಳಿದ ತಿಂಗಳುಗಳ ಹಣವನ್ನು ಮುಂದಿನ ಗೇಮ್‌ನ ಆರು ವಾರದ ಒರಟು ಮಾದರಿಗೆ ಎತ್ತಿಡಿ.